ಹೋಂಸ್ಟೇ ಮಾಡ್ತೀವಿ, ಹತ್ತು ದಿನದಲ್ಲಿ ಮನೆ ಬಿಡಿ ಅಂತಿದಾರೆ

ಪ್ರಶ್ನೆ: ಮೇಡಂ, ಮಡಿಕೇರೀಲಿ ಒಂದು ರೂಮು, ಅಡುಗೆಮನೆ ಇರೋ ಬಾಡಿಗೆ ಮನೇಲಿದೀವಿ. ತಿಂಗಳಿಗೆ 5000, ಅಡ್ವಾನ್ಸ್ 30 ಸಾವಿರ, ಅಗ್ರಿಮೆಂಟ್ ಇಲ್ಲ. ನಾನು ಬಟ್ಟೆ ಅಂಗಡೀಲಿದೀನಿ, ಯಜಮಾನ್ರು ತೋಟದ ಕೆಲಸಕ್ಕೆ ಹೋಗ್ತಾರೆ. ಓನರ್ ಹೋಂಸ್ಟೇ ಮಾಡ್ತಾರಂತೆ, ಹತ್ತು ದಿನದಲ್ಲಿ ಬಿಡದಿದ್ರೆ ಬೀಗ ಹಾಕ್ತೀನಿ, ಅಡ್ವಾನ್ಸ್ ಪೇಂಟಿಂಗಿಗೆ ಸರಿಹೋಯ್ತು ಅಂತಿದಾರೆ. ಮಗಳು ಎಸ್ಸೆಸ್ಸೆಲ್ಸಿ. ತೋಟದವರು ಕೆಲಸದವರಿಗೆ ಕೊಡೋ ಲೈನ್‌ಮನೆಗೆ ಹೋಗ್ಬಿಡೋಣ್ವಾ?

ಉತ್ತರ: ಮೊದಲು, ಹತ್ತು ದಿನದಲ್ಲಿ ನೀವು ಎಲ್ಲಿಗೂ ಹೋಗ್ಬೇಕಾಗಿಲ್ಲ. ಅಗ್ರಿಮೆಂಟ್ ಇಲ್ಲದೆ ತಿಂಗಳ ಬಾಡಿಗೆ ಕೊಟ್ಕೊಂಡು ಇರೋರನ್ನ ಬಿಡಿಸೋಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಕನಿಷ್ಠ 15 ದಿನದ ನೋಟಿಸ್ ಬೇಕು, ಅದೂ ಬರವಣಿಗೇಲಿ, ಗೇಟ್ ಹತ್ರ ನಿಂತು ಹೇಳಿದ್ದು ನೋಟಿಸ್ ಅಲ್ಲ. ನೋಟಿಸ್ ಮುಗಿದ್ಮೇಲೂ ನೀವು ಬಿಡದಿದ್ರೆ ಅವರು ಕೋರ್ಟಿಗೆ ಹೋಗ್ಬೇಕೇ ಹೊರತು ಬೀಗ ಜಡಿಯೋ ಹಾಗಿಲ್ಲ. ಜಡಿದ್ರೆ ಆರು ತಿಂಗಳೊಳಗೆ ಸ್ಪೆಸಿಫಿಕ್ ರಿಲೀಫ್ ಆಕ್ಟ್ ಸೆಕ್ಷನ್ 6ರಲ್ಲಿ ಕೇಸ್ ಹಾಕಿ ಮನೆ ವಾಪಸ್ ಕೇಳಬಹುದು. ಸ್ಟೇಷನ್ನಲ್ಲಿ ಇದು ಸಿವಿಲ್ ಮ್ಯಾಟರ್ ಅಂತಾರೆ, ಅನ್ಲಿ, ದೂರು ಕೊಟ್ಟು ಸ್ವೀಕೃತಿ ಮಾತ್ರ ಇಸ್ಕೊಂಡೇ ಬನ್ನಿ.

ರೆಂಟ್ ಆಕ್ಟ್ ಇಲ್ವಾ ಅಂತ ಕೇಳ್ತೀರ. ಇದೆ, 1999ರದ್ದು, ಆದರೆ ಅದರ ರಕ್ಷಣೆ ದೊಡ್ಡ ಊರಲ್ಲಿ ತಿಂಗಳಿಗೆ 3500, ಬೇರೆ ಕಡೆ 2000ದೊಳಗಿನ ಬಾಡಿಗೆಗೆ ಮಾತ್ರ. ಇವತ್ತು ಮಡಿಕೇರೀಲಿ 2000ಕ್ಕೆ ಮನೆ ಎಲ್ಲಿದೆ ಹೇಳಿ! ಬಡವರಿಗೆ ಅಂತ ಇದ್ದ ಕಾನೂನು ಬಡವರ ಮನೆಗೇ ಹತ್ತಲ್ಲ, ಇದು ನಂಗೆ ನಿಜವಾಗ್ಲೂ ಸಿಟ್ಟು ಬರಿಸೋ ವಿಷಯ. ಉಳಿದಿರೋದು ಆ 15 ದಿನ. ಸಂಬಳ ಚೆನ್ನಾಗಿರೋರಿಗೆ ಅಷ್ಟು ಸಾಕು, ಹೊಸ ಮನೆ ಅಡ್ವಾನ್ಸ್ ಇವತ್ತೇ ಟ್ರಾನ್ಸ್‌ಫರ್ ಮಾಡ್ತಾರೆ. ನಿಮ್ಮಂಥೋರಿಗೆ ಹಳೇ ಅಡ್ವಾನ್ಸ್ ಕೈಗೆ ಬರದೆ ಹೊಸ ಮನೆಯೇ ಇಲ್ಲ. ವೀಕೆಂಡ್ ಟೂರಿಸ್ಟು ಎರಡು ರಾತ್ರಿಗೆ ಕೊಡೋ ದುಡ್ಡಿನ ಜೊತೆ ನಿಮ್ಮ ಇಡೀ ತಿಂಗಳ ಬಾಡಿಗೆ ಪೈಪೋಟಿ ಮಾಡ್ಬೇಕು, ಓನರ್ ಲೆಕ್ಕ ಅವರಿಗೆ ಸರಿಯೇ ಇರಬಹುದು, ಊರಲ್ಲಿ ಕೆಲಸ ಮಾಡೋರು ಎಲ್ಲಿ ಮಲಗ್ಬೇಕು ಅನ್ನೋದು ಆ ಲೆಕ್ಕದಲ್ಲಿ ಬರಲ್ಲ ಅಷ್ಟೇ.

ಅದಕ್ಕೇ ಅಡ್ವಾನ್ಸ್ ಬಗ್ಗೆ ಬಿಗಿಯಾಗಿರಿ. ದುಡ್ಡು ಅಕೌಂಟಿಗೆ ಬಿದ್ದ ದಿನವೇ ಕೀ, ಮುಂಚೆ ಬೇಡ. ಪೇಂಟಿಂಗಿಗೆ ಕಟ್ ಮಾಡೋದು ಮಾತಾಗಿದ್ರೆ ನ್ಯಾಯವಾದ ಖರ್ಚು ಬಿಲ್ ಸಮೇತ ಹಿಡ್ಕೊಳ್ಳಲಿ, ಪೂರ್ತಿ 30 ಸಾವಿರ ನುಂಗೋ ಹಾಗಿಲ್ಲ. ಬಾಡಿಗೆ ನಿಲ್ಲಿಸ್ಬೇಡಿ, ಫೋನ್‌ಪೇಲೇ ಹಾಕಿ, ಅದು ಮತ್ತೆ ಗ್ಯಾಸ್ ಬಿಲ್ಲು, ಆಧಾರ್ ಅಡ್ರೆಸ್ಸೇ ನಿಮ್ಮ ದಾಖಲೆ. ವಕೀಲರ ಫೀಸಿಗೆ ಹೆದರ್ಬೇಡಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ, ಅರ್ಜಿ ನಿಮ್ಮ ಹೆಸರಲ್ಲೇ ಹಾಕಿ, 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ.

ಲೈನ್‌ಮನೆ ವಿಚಾರ. ಬಾಡಿಗೆ ಇಲ್ಲ ಅನ್ನೋದೊಂದೇ ಅನುಕೂಲ. ಕೆಲಸ ಇರೋವರೆಗೆ ಮನೆ, ಯಜಮಾನ್ರಿಗೂ ತೋಟದವರಿಗೂ ಒಂದು ಮಾತು ಬಂದ್ರೆ ಕೂಲಿ, ಮನೆ ಎರಡೂ ಒಂದೇ ದಿನ ಹೋಗುತ್ತೆ. ಜೊತೆಗೆ ಮಗಳು ಬಸ್ಸಿಗೆ ಎಷ್ಟು ನಡೀಬೇಕು ನೋಡಿ. ಓನರ್ ಹತ್ರ ಮಗಳ ಪರೀಕ್ಷೆ ಮುಗಿಯೋವರೆಗೆ ಟೈಮ್ ಕೇಳಿ, ಒಪ್ಪಿದ್ರೆ ವಾಟ್ಸಾಪಲ್ಲಾದ್ರೂ ಬರೆಸ್ಕೊಳ್ಳಿ. ಒಪ್ಪದಿದ್ರೆ ಪ್ರಾಧಿಕಾರದ ವಕೀಲರಿಂದ ಒಂದು ಪತ್ರ ಕಳಿಸಿ, ಬೀಗದ ಮಾತಾಡಿದವರು ಆಮೇಲೆ ಸ್ವಲ್ಪ ಮೆತ್ತಗಾಗ್ತಾರೆ.