ಹೊಸ ಬಡಾವಣೆಯ ಪ್ರವೇಶದಾರಿ ಸುರಕ್ಷಿತವೇ ಎಂದು ಪರೀಕ್ಷಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನಿಮ್ಮ ಮನೆಯ ಮುಂದಿನ ದ್ವಿಪಥ ರಸ್ತೆಯ ಪಕ್ಕದ ಖಾಲಿ ಜಮೀನಿನಲ್ಲಿ 120 ಮನೆಗಳ ಬಡಾವಣೆ ಬರಲಿದೆ. ಅದರ ಒಂದೇ ಒಂದು ಪ್ರವೇಶದಾರಿ ರಸ್ತೆಯ ತಿರುವಿನ ಸಮೀಪದಲ್ಲಿದೆ. ಅಲ್ಲಿನ ವೇಗಮಿತಿ ಗಂಟೆಗೆ 50 ಕಿಲೋಮೀಟರ್. ಬಡಾವಣೆ ಮಾಡುವವರು ಸಲ್ಲಿಸಿದ ಸಂಚಾರ ವರದಿಯು ‘ಗಣನೀಯ ಪರಿಣಾಮವಿಲ್ಲ’ ಎನ್ನುತ್ತದೆ. ವಿಚಾರಣೆಗೆ ಮುನ್ನ ಆ ಮಾತನ್ನು ತಜ್ಞರಲ್ಲದವರು ಪರೀಕ್ಷಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ.

ಇಂಥ ವರದಿಗಳನ್ನು ಬರೆದೂ ಇದ್ದೇನೆ, ಬೇರೆಯವರು ಬರೆದವನ್ನು ಪರಿಶೀಲಿಸಿಯೂ ಇದ್ದೇನೆ. ಆ ಅನುಭವದಿಂದ ಹೇಳುವುದಾದರೆ, ‘ವಾಹನಗಳು ಹೆಚ್ಚಾಗುತ್ತವೆ’ ಎಂಬುದನ್ನೇ ಮುಖ್ಯ ವಾದವಾಗಿಸಿಕೊಂಡರೆ ನೀವು ಸೋಲುವ ಸಾಧ್ಯತೆಯೇ ಹೆಚ್ಚು. ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ ಕೈಪಿಡಿಯ ಪ್ರಕಾರ, ಬಿಡಿಮನೆಯೊಂದರಿಂದ ಕೆಲಸದ ದಿನದಲ್ಲಿ ಸುಮಾರು 9ರಿಂದ 10 ವಾಹನ ಓಡಾಟಗಳು, ಸಂಜೆಯ ದಟ್ಟಣೆಯ ಗಂಟೆಯಲ್ಲಿ ಸುಮಾರು ಒಂದು ಓಡಾಟ ಹುಟ್ಟುತ್ತವೆ. ಹೋಗುವುದು ಒಂದು ಓಡಾಟ, ಬರುವುದು ಇನ್ನೊಂದು. ಈ ಲೆಕ್ಕದಲ್ಲಿ 120 ಮನೆಗಳೆಂದರೆ ಸಂಜೆ ನಿಮಿಷಕ್ಕೆ ಸರಾಸರಿ ಎರಡು ವಾಹನಗಳು. ಈಗಾಗಲೇ ತುಂಬಿ ತುಳುಕದ ದ್ವಿಪಥ ರಸ್ತೆಗೆ ಅದು ದೊಡ್ಡ ಹೊರೆಯಲ್ಲ, ಮತ್ತು ವರದಿ ಬರೆದವರು ಅದನ್ನು ಕೋಷ್ಟಕ ಸಮೇತ ತೋರಿಸಿಬಿಡುತ್ತಾರೆ. ಆದರೆ ಆ ಅಂಕಿಗಳು ಮನೆಮನೆಗೂ ಕಾರಿರುವ ಪ್ರದೇಶಗಳಲ್ಲಿ ಎಣಿಸಿದವು ಎಂಬುದನ್ನು ಮರೆಯಬಾರದು. ಬಸ್ಸು, ದ್ವಿಚಕ್ರವಾಹನ ಮತ್ತು ನಡಿಗೆಯ ಪಾಲು ಹೆಚ್ಚಿರುವ ಕಡೆ ಚಿತ್ರವೇ ಬೇರೆ. ಆದ್ದರಿಂದ ಆಸುಪಾಸಿನಲ್ಲಿ ಜನ ಈಗಾಗಲೇ ವಾಸವಿರುವ ಇಂಥದೇ ಬಡಾವಣೆಯ ಬಾಯಲ್ಲಿ ಒಂದು ಬೆಳಿಗ್ಗೆ, ಒಂದು ಸಂಜೆ ಕುಳಿತು ಎಣಿಸಿ, ಮನೆಗಳ ಸಂಖ್ಯೆಯಿಂದ ಭಾಗಿಸುವುದು ಯಾವ ಕೈಪಿಡಿಗಿಂತಲೂ ನಂಬಲರ್ಹವಾದ ದಾರಿ.

ನಿಜವಾದ ಪ್ರಶ್ನೆ ಇರುವುದು ಆ ಒಂದು ಬಾಯಲ್ಲಿ. ಬಡಾವಣೆಯಿಂದ ಹೊರಬರುವ ಚಾಲಕನಿಗೆ ಮುಖ್ಯರಸ್ತೆಯಲ್ಲಿ ಬರುವ ವಾಹನ ಎಷ್ಟು ದೂರದಿಂದ ಕಾಣುತ್ತದೆ? ಮುಖ್ಯರಸ್ತೆಯಲ್ಲಿ ಬರುವವನಿಗೆ ಅಡ್ಡ ನಿಂತ ವಾಹನ ಎಷ್ಟು ದೂರದಿಂದ ಕಾಣುತ್ತದೆ? ಎಂಜಿನಿಯರುಗಳು ಇವನ್ನು ದೃಷ್ಟಿ ಅಂತರ ಎಂದು ಕರೆಯುತ್ತಾರೆ, ಮತ್ತು ಇವು ಎರಡು ಬೇರೆ ಬೇರೆ ಅಳತೆಗಳು. ಮುಖ್ಯರಸ್ತೆಯಲ್ಲಿ ಬರುವವನು ಅಪಾಯವನ್ನು ಕಂಡು, ಬ್ರೇಕ್ ಹಾಕಿ, ವಾಹನ ಪೂರ್ತಿ ನಿಲ್ಲಲು ಬೇಕಾದ ದೂರ ಮೊದಲನೆಯದು. ಪ್ರತಿಕ್ರಿಯೆಗೆ 2.5 ಸೆಕೆಂಡು ಹಿಡಿದರೆ, ಸಮತಟ್ಟಾದ ರಸ್ತೆಯಲ್ಲಿ 50 ಕಿ.ಮೀ. ವೇಗಕ್ಕೆ ಇದು ಸುಮಾರು 65 ಮೀಟರ್, 70 ಕಿ.ಮೀ. ವೇಗಕ್ಕೆ ಸುಮಾರು 105 ಮೀಟರ್. ಇಳಿಜಾರಿನಲ್ಲಿ ಇನ್ನೂ ಹೆಚ್ಚು ಬೇಕು. ಎರಡನೆಯದು, ಹೊರಬರುವ ಚಾಲಕ ಒಂದು ಸಾಲನ್ನು ದಾಟಿ ಎದುರು ಸಾಲಿಗೆ ಸೇರಿಕೊಳ್ಳಲು ಬೇಕಾದ ಬಿಡುವು. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘದ ವಿನ್ಯಾಸ ನಿಯಮಗಳು ದ್ವಿಪಥ ರಸ್ತೆಯಲ್ಲಿ ಕಾರಿಗೆ ಇದನ್ನು 7.5 ಸೆಕೆಂಡು, ಸಾಧಾರಣ ಲಾರಿಗೆ 9.5 ಸೆಕೆಂಡು ಎಂದು ಹಿಡಿಯುತ್ತವೆ. 50 ಕಿ.ಮೀ. ವೇಗದಲ್ಲಿ 7.5 ಸೆಕೆಂಡು ಎಂದರೆ ಸುಮಾರು 105 ಮೀಟರ್, 70 ಕಿ.ಮೀ. ಆದರೆ ಸುಮಾರು 150 ಮೀಟರ್. ವರದಿಯಲ್ಲಿ ಚಿಕ್ಕದಾದ ಮೊದಲನೆಯ ಅಳತೆಯನ್ನಷ್ಟೇ ತೋರಿಸಿ ‘ದೃಷ್ಟಿ ಅಂತರ ಸಾಕಷ್ಟಿದೆ’ ಎಂದು ಬರೆದಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ.

ಇಲ್ಲಿ ಇನ್ನೊಂದು ಜಾರುವಿಕೆ ನಡೆಯುತ್ತದೆ. ಲೆಕ್ಕಕ್ಕೆ ಯಾವ ವೇಗವನ್ನು ತೆಗೆದುಕೊಂಡಿದ್ದಾರೆ ಎಂಬುದನ್ನು ಮರೆಯದೆ ನೋಡಿ. ಫಲಕದ ಮೇಲೆ 50 ಎಂದು ಬರೆದ ಮಾತ್ರಕ್ಕೆ ಯಾರೂ 50ರಲ್ಲಿ ಹೋಗುವುದಿಲ್ಲ. ಸರಿಯಾದ ಕ್ರಮವೆಂದರೆ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಮುಕ್ತವಾಗಿ ಓಡುವ ಸುಮಾರು 100 ವಾಹನಗಳ ವೇಗವನ್ನು ಅಳೆದು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, 85ನೆಯ ವಾಹನದ ವೇಗವನ್ನು ಆಧಾರವಾಗಿ ಇಟ್ಟುಕೊಳ್ಳುವುದು. ಇದನ್ನು ನೀವೇ ಅಂದಾಜು ಮಾಡಬಹುದು. ರಸ್ತೆಯಂಚಿನಲ್ಲಿ ಸುರಕ್ಷಿತ ಜಾಗದಿಂದ 100 ಮೀಟರ್ ಅಂತರದ ಎರಡು ಗುರುತುಗಳನ್ನು ಆರಿಸಿಕೊಂಡು ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. ಆ ದೂರವನ್ನು 7.2 ಸೆಕೆಂಡಿನಲ್ಲಿ ದಾಟಿದ ವಾಹನದ ವೇಗ 50 ಕಿ.ಮೀ., 5.1 ಸೆಕೆಂಡಿನಲ್ಲಿ ದಾಟಿದ್ದರ ವೇಗ ಸುಮಾರು 70.

ಇದಕ್ಕಿಂತಲೂ ಸರಳವಾದ ಪರೀಕ್ಷೆಯೊಂದಿದೆ, ಅದರಲ್ಲಿ ವೇಗವನ್ನು ಅಳೆಯುವ ಅಗತ್ಯವೇ ಬೀಳುವುದಿಲ್ಲ. ಪ್ರವೇಶದಾರಿ ಬರಲಿರುವ ಜಾಗದಲ್ಲಿ, ರಸ್ತೆಯ ಅಂಚಿನಿಂದ ಸುಮಾರು 4.4 ಮೀಟರ್ ಹಿಂದೆ, ಕಣ್ಣು ನೆಲದಿಂದ 1.1 ಮೀಟರ್ ಎತ್ತರದಲ್ಲಿರುವಂತೆ ಕುರ್ಚಿಯಲ್ಲಿ ಕುಳಿತುಕೊಳ್ಳಿ; ಕಾರಿನ ಚಾಲಕನ ಕಣ್ಣು ಇರುವುದು ಅಷ್ಟೇ ಎತ್ತರದಲ್ಲಿ. ತಿರುವಿನಿಂದ ವಾಹನ ಮೊದಲು ಕಣ್ಣಿಗೆ ಬಿದ್ದ ಕ್ಷಣದಿಂದ ನಿಮ್ಮ ಎದುರು ಹಾದುಹೋಗುವವರೆಗಿನ ಸೆಕೆಂಡುಗಳನ್ನು ಎಣಿಸಿ. ವೇಗವಾಗಿ ಬರುವ ವಾಹನಗಳಿಗೆ ಅದು ಪದೇ ಪದೇ 7.5ಕ್ಕಿಂತ ಕಡಿಮೆ ಬಂದರೆ ಆ ಜಾಗದಲ್ಲಿ ತೊಂದರೆ ಇದೆ ಎಂದೇ ಅರ್ಥ. ಎರಡೂ ದಿಕ್ಕಿಗೆ ಮಾಡಿ, ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಿ. ಗಿಡಗಂಟಿಗಳು ಒಣಗಿದ ಕಾಲದಲ್ಲಿ ಕಾಣುವ ದೂರ ಮಳೆಗಾಲದ ನಂತರ ಕಾಣುವುದಿಲ್ಲ, ಆದ್ದರಿಂದ ವರದಿಗೆ ಯಾವ ತಿಂಗಳಲ್ಲಿ ಅಳೆದರು ಎಂದೂ ಕೇಳಿ.

ನೋಟದ ರೇಖೆ ಯಾರ ಜಮೀನಿನ ಮೇಲೆ ಹಾದುಹೋಗುತ್ತದೆ ಎಂಬುದನ್ನು ಬಹಳಷ್ಟು ಜನ ಕೇಳುವುದೇ ಇಲ್ಲ. ತಿರುವಿನ ಒಳಬದಿಯ ತುಂಡು ನೆಲ ಮೂರನೆಯವರದಾಗಿದ್ದರೆ, ಇಂದು ನಕ್ಷೆಯಲ್ಲಿ ಸಿಗುವ 150 ಮೀಟರ್ ನಾಳೆ ಅವರು ಕಾಂಪೌಂಡ್ ಗೋಡೆ ಎಬ್ಬಿಸಿದ ದಿನ ಇಲ್ಲವಾಗುತ್ತದೆ. ನಾನು ಪರಿಶೀಲಿಸಿದ ಒಂದು ಪ್ರಸ್ತಾವದಲ್ಲಿ ಅಳತೆಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ನೋಟದ ತ್ರಿಕೋನದ, ಅಂದರೆ ಹೊರಬರುವ ಚಾಲಕನಿಗೆ ಬರುವ ವಾಹನ ಕಾಣಲು ತೆರವಾಗಿರಬೇಕಾದ ಮೂಲೆ ನೆಲದ, ಅರ್ಧಭಾಗ ಪಕ್ಕದ ಮಾಲೀಕರ ತೋಟದಲ್ಲಿತ್ತು. ಪ್ರವೇಶದಾರಿಯನ್ನು ಸರಿಸದೆ ಬೇರೆ ಉಪಾಯವಿರಲಿಲ್ಲ. ಆ ತ್ರಿಕೋನ ರಸ್ತೆಯ ಸ್ವತ್ತಿನಲ್ಲಿದೆಯೇ, ಇಲ್ಲವಾದರೆ ಅಲ್ಲಿ ಏನನ್ನೂ ಕಟ್ಟಬಾರದೆಂಬ ನೋಂದಾಯಿತ ಕರಾರು ಇದೆಯೇ ಎಂದು ಲಿಖಿತವಾಗಿ ಕೇಳಿ.

ಅಪಘಾತಗಳ ದಾಖಲೆಯ ವಿಷಯದಲ್ಲಿ ಎಚ್ಚರವಿರಲಿ. ‘ಕಳೆದ ಮೂರು ವರ್ಷಗಳಲ್ಲಿ ಈ ಸ್ಥಳದಲ್ಲಿ ಅಪಘಾತವಾಗಿಲ್ಲ’ ಎಂಬ ವಾಕ್ಯ ವರದಿಯಲ್ಲಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಅಲ್ಲಿ ಈಗ ಕೂಡುದಾರಿಯೇ ಇಲ್ಲ. ದಾಟುವ ವಾಹನಗಳಿಲ್ಲದ ಕಡೆ ದಾಟುವಾಗಿನ ಡಿಕ್ಕಿ ಆಗುವುದಾದರೂ ಹೇಗೆ? ಉಪಯೋಗಕ್ಕೆ ಬರುವುದು ಅದೇ ರಸ್ತೆಯ ಅಕ್ಕಪಕ್ಕದ ಕೂಡುದಾರಿಗಳ ಐದು ವರ್ಷಗಳ ದಾಖಲೆ. ಅದರ ಜೊತೆಗೆ ಪೊಲೀಸರವರೆಗೆ ಹೋಗದ ಸಣ್ಣ ಡಿಕ್ಕಿಗಳ ಗುರುತುಗಳು, ಅಂದರೆ ತಿರುವಿನಲ್ಲಿ ಮುರಿದ ತಡೆಗಂಬ, ಮರದ ಮೇಲಿನ ಗಾಯ, ಟೈರಿನ ಜಾಡು. ಇವುಗಳ ಫೋಟೋ ತೆಗೆದಿಡಿ.

ಪ್ರವೇಶದಾರಿಯ ಎದುರಿಗೇ ಇನ್ನೊಂದು ಅಡ್ಡರಸ್ತೆ ಇದೆಯೇ ಎಂಬುದನ್ನೂ ಗಮನಿಸಿ. ಮೂರು ದಾರಿಗಳ ಕೂಡಿನಲ್ಲಿ ವಾಹನಗಳ ದಾರಿಗಳು ಒಂದನ್ನೊಂದು ಸಂಧಿಸುವ ಬಿಂದುಗಳು 9, ನಾಲ್ಕು ದಾರಿಗಳ ಕೂಡಿನಲ್ಲಿ 32. ಹಾಗಾಗಿ ಇರುವ ಅಡ್ಡರಸ್ತೆಗೆ ನೇರ ಎದುರು ಬಾಯಿ ತೆರೆಯುವುದಕ್ಕೆ ಒಳ್ಳೆಯ ಸಮರ್ಥನೆ ಬೇಕು. ಇನ್ನು ಬಡಾವಣೆಯೊಳಕ್ಕೆ ತಿರುಗಲು ಮುಖ್ಯರಸ್ತೆಯ ನಡುವೆ ಕಾಯುವ ವಾಹನಕ್ಕೆ ಪ್ರತ್ಯೇಕ ಸಾಲು ಇದೆಯೇ? ತಿರುವಿನ ಮರೆಯಿಂದ ಬರುವವನು ಹಿಂದಿನಿಂದ ಗುದ್ದುವುದು ಇಲ್ಲಿಯೇ, ಮತ್ತು ಸಂಜೆ ಮನೆಗೆ ಮರಳುವವರೇ ಹೆಚ್ಚಾಗಿರುವುದರಿಂದ ಈ ಅಪಾಯವೂ ಸಂಜೆಯೇ ಹೆಚ್ಚು.

ಒಂದೇ ಪ್ರವೇಶದಾರಿ ಎಂಬುದು ಸ್ವತಂತ್ರವಾಗಿ ಎತ್ತಬೇಕಾದ ಆಕ್ಷೇಪ. ಆ ಬಾಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಅಗ್ನಿಶಾಮಕ ವಾಹನಕ್ಕೂ ಆಂಬುಲೆನ್ಸಿಗೂ ಒಳದಾರಿ ಇರುವುದಿಲ್ಲ. ಅಂತರರಾಷ್ಟ್ರೀಯ ಅಗ್ನಿ ಸಂಹಿತೆಯ ಅನುಬಂಧವೊಂದು 30ಕ್ಕಿಂತ ಹೆಚ್ಚು ಮನೆಗಳಿದ್ದರೆ ಸಾಮಾನ್ಯವಾಗಿ ಎರಡು ಪ್ರತ್ಯೇಕ ದಾರಿಗಳನ್ನು ಕೇಳುತ್ತದೆ. ನಿಮ್ಮಲ್ಲಿ ಅದು ಜಾರಿಯಲ್ಲಿಲ್ಲದಿದ್ದರೂ 120 ಮನೆಗಳಿಗೆ ಒಂದೇ ದಾರಿ ಏಕೆ ಎಂದು ಕೇಳಲು ಅದು ಸಾಕು. ನಡೆದು ಹೋಗುವವರನ್ನು ವರದಿಗಳು ಕೊನೆಯ ಪ್ಯಾರಾಕ್ಕೆ ತಳ್ಳುತ್ತವೆ. ಬಡಾವಣೆಯ ಮಗು ಶಾಲೆಗೆ, ಬಸ್ ನಿಲ್ದಾಣಕ್ಕೆ ಯಾವ ದಾರಿಯಲ್ಲಿ ನಡೆಯುತ್ತದೆ, ಎಲ್ಲಿ ರಸ್ತೆ ದಾಟುತ್ತದೆ ಎಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವಂತೆ ಕೇಳಿ.

ವಿಚಾರಣೆಯಲ್ಲಿ ಬೇಡಿಕೆಗಳನ್ನು ಷರತ್ತುಗಳ ರೂಪದಲ್ಲಿಯೇ ಇಡಿ: ಪ್ರವೇಶದಾರಿಯನ್ನು ತಿರುವಿನಿಂದ ದೂರ ಸರಿಸಬೇಕು, ತಿರುಗುವ ಸಾಲು ಮತ್ತು ಪಾದಚಾರಿ ಮಾರ್ಗ ಮೊದಲ ಮನೆಗೆ ಜನ ಬರುವ ಮುನ್ನವೇ ಮುಗಿದಿರಬೇಕು, ಬಡಾವಣೆಯವರಿಗೆ ಸಂಬಂಧವಿಲ್ಲದ ತಂಡವೊಂದು ವಿನ್ಯಾಸದ ಹಂತದಲ್ಲಿಯೂ ರಸ್ತೆ ತೆರೆಯುವ ಮುನ್ನವೂ ಸುರಕ್ಷತಾ ಪರಿಶೋಧನೆ ನಡೆಸಬೇಕು. ‘ಅಗತ್ಯಬಿದ್ದಾಗ ಮುಂದೆ ಮಾಡಲಾಗುವುದು’ ಎಂಬ ಉತ್ತರ ಬಂದರೆ, ಯಾವ ದಿನಾಂಕದೊಳಗೆ ಮತ್ತು ಯಾರ ಹಣದಿಂದ ಎಂದು ಅಲ್ಲಿಯೇ ಕೇಳಿ, ಬಂದ ಉತ್ತರ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.