ತೆರಿಗೆ ಇಳಿಸಿ ಎನ್ನುವವರು ಶಾಲೆಗೆ ಹಣ ಕೇಳುವುದೇಕೆ?

ಕಲಬುರಗಿಯ ವ್ಯಾಪಾರಿಗಳು ತೆರಿಗೆ ಇಳಿಸಬೇಕೆಂದೂ ಶಿಕ್ಷಣಕ್ಕೆ ಅನುದಾನ ಹೆಚ್ಚಿಸಬೇಕೆಂದೂ ಒಟ್ಟಿಗೇ ಮನವಿ ಸಲ್ಲಿಸುವುದನ್ನು ಕಂಡು, "ನಿಮ್ಮ ಕಡೆಯವರಿಗೆ ಲೆಕ್ಕ ಬರುವುದಿಲ್ಲವೇ?" ಎಂದು ಮೈಸೂರಿನಿಂದ ಕೇಳಿದ್ದೀರಿ. ಗಂಜ್ ಮಾರುಕಟ್ಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವವನಿಗೆ ಕೇಳುವ ಪ್ರಶ್ನೆಯೇ ಇದು!

ಜಿಎಸ್‌ಟಿ ದೇಶಕ್ಕೆಲ್ಲ ಒಂದೇ. ವೃತ್ತಿ ತೆರಿಗೆಗೆ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಅವುಗಳ ಬಗ್ಗೆ ನಮ್ಮ ಗೊಣಗಾಟ ನಿಮ್ಮದಕ್ಕಿಂತ ಬೇರೆಯಲ್ಲ. ನಮ್ಮನ್ನು ಕಾಡುವುದು ಎಪಿಎಂಸಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಶುಲ್ಕ. ಅದನ್ನು ಖರೀದಿದಾರ ಕೊಡಬೇಕೆನ್ನುವುದು ನಿಯಮ, ಆದರೆ ಅವನು ಅದನ್ನು ಮನಸ್ಸಿನಲ್ಲೇ ಕಳೆದು ತೊಗರಿಗೆ ದರ ಕೂಗುತ್ತಾನೆ. ಚಿಂಚೋಳಿಯ ರೈತನಿಗೆ ತೆಲಂಗಾಣದ ತಾಂಡೂರು ಹತ್ತಿರ, ಆಳಂದದವನಿಗೆ ಮಹಾರಾಷ್ಟ್ರದ ಸೊಲ್ಲಾಪುರ ದೂರವೇನಲ್ಲ. ದರದಲ್ಲಿ ತುಸು ವ್ಯತ್ಯಾಸ ಕಂಡರೂ ಮಾಲು ಗಡಿ ದಾಟುತ್ತದೆ, ನಮ್ಮ ದಾಲ್ ಮಿಲ್ಲುಗಳು ಖಾಲಿ ಕೂರುತ್ತವೆ. ಎಪಿಎಂಸಿ ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಶುಲ್ಕವಿಲ್ಲವೆಂದ 2020ರಲ್ಲಿ, ಒಳಗಿನ ಶುಲ್ಕವನ್ನು ನೂರಕ್ಕೆ 1.50 ರೂಪಾಯಿಯಿಂದ 35 ಪೈಸೆಗೆ ಇಳಿಸಿದರು, ವರ್ಷ ಮುಗಿಯುವುದರೊಳಗೆ 1 ರೂಪಾಯಿಗೆ ಏರಿಸಿದರು. ಇಂಥದರಲ್ಲಿ ಅಡತಿಯವನು ಮುಂದಿನ ಸುಗ್ಗಿಯ ಲೆಕ್ಕ ಹಾಕುವುದು ಹೇಗೆ? ಅಂದ ಹಾಗೆ, ಈ ಶುಲ್ಕ ಉಳಿಯುವುದು ಮಾರುಕಟ್ಟೆ ವ್ಯವಸ್ಥೆಯೊಳಗೇ. ಅದನ್ನು ಇಳಿಸಿದರೆ ಯಾವ ಶಾಲೆಯ ಹಣವೂ ಕಡಿಮೆಯಾಗದು.

ಡೀಸೆಲ್ ತೆರಿಗೆ ಇಳಿಸಿ ಎಂಬ ನಮ್ಮ ಬೇಡಿಕೆಯ ವಿಷಯದಲ್ಲಿ ಮಾತ್ರ ನಿಮ್ಮ ಚುಚ್ಚು ತಕ್ಕ ಜಾಗಕ್ಕೇ ತಾಗಿದೆ. 2025ರ ಏಪ್ರಿಲ್‌ನಲ್ಲಿ ಏರಿಸಿದ ಮಾರಾಟ ತೆರಿಗೆ ಖಜಾನೆಗೇ ಹೋಗುತ್ತದೆ, ಶಿಕ್ಷಕರ ಸಂಬಳ ಬರುವುದೂ ಅಲ್ಲಿಂದಲೇ. ತೆಲಂಗಾಣಕ್ಕಿಂತ ನಮ್ಮಲ್ಲಿ ಡೀಸೆಲ್ ಅಗ್ಗವೆಂಬುದನ್ನೂ ನಮ್ಮವರು ಮನವಿಯಲ್ಲಿ ಬರೆಯುವುದಿಲ್ಲ.

ಇನ್ನು ಶಿಕ್ಷಣ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಕಲಬುರಗಿ ಕೊನೆಯ ಸ್ಥಾನ, ಹಿಂದಿನ ವರ್ಷ ಯಾದಗಿರಿ. ನಿಮ್ಮ ಪತ್ರಿಕೆಗಳು ನಮ್ಮನ್ನು ನೆನೆಯುವುದು ಆ ಒಂದು ದಿನ. ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ನಡೆಸಲು, ಜಮಾಖರ್ಚು ಬರೆಯಲು ಇಲ್ಲಿಯ ಮಕ್ಕಳೇ ಬರಬೇಕು. ಹಾಗಾಗಿ ಶಾಲೆಯ ಹಣ ಕೇಳುವುದರಲ್ಲಿ ನಮ್ಮ ಸ್ವಾರ್ಥವೂ ಇದೆ. ನಮ್ಮ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಡಿ ಬಂದ ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಯ ಅನುದಾನವನ್ನು ನೀವು ಉಪಕಾರವೆನ್ನುತ್ತೀರಿ. ಅದು 2012ರಲ್ಲಿ ಸಂಸತ್ತೇ ಸಂವಿಧಾನ ತಿದ್ದಿ ಕೊಟ್ಟ ಹಕ್ಕು. ಆ ಹಣದಲ್ಲಿ ಕೋಣೆಗಳು ಏಳುತ್ತಿವೆ. ಅವುಗಳಲ್ಲಿ ನಿಂತು ಗಣಿತ ಹೇಳಬೇಕಾದವರ ಹುದ್ದೆಗಳು ಖಾಲಿಯಿವೆ, ಅವನ್ನು ತುಂಬಿರೆಂಬುದೇ ನಮ್ಮ ಎರಡನೆಯ ಮನವಿ.