ಕಾಣದಾದ ಚಿತ್ರಗಳು ಮತ್ತು ಫೋಲ್ಡರ್ ವಿಂಗಡಣೆ

ಗ್ರಾಂಪ್ಸ್ ಎಂಬ ವಂಶಾವಳಿ ತಂತ್ರಾಂಶದಲ್ಲಿ ವಂಶವೃಕ್ಷ ಸಿದ್ಧಪಡಿಸುತ್ತಿರುವ ತಾವು, ಫೋಟೋಗಳ ಫೋಲ್ಡರನ್ನು ಬೇರೆ ಡ್ರೈವಿಗೆ ಸರಿಸಿದ ಮೇಲೆ ಚಿತ್ರಗಳು ಕಾಣುತ್ತಿಲ್ಲವೆಂದೂ, ಇನ್ನು ಮುಂದೆ ಪ್ರತಿ ವ್ಯಕ್ತಿಗೊಂದು ಫೋಲ್ಡರ್ ಮಾಡಬೇಕೇ ಎಂದೂ ಕೇಳಿದ್ದೀರಿ. ಈ ತಂತ್ರಾಂಶವು ಚಿತ್ರವನ್ನು ತನ್ನೊಳಗೆ ಇಟ್ಟುಕೊಳ್ಳದೆ, ಅದು ಇರುವ ಜಾಗದ ವಿಳಾಸವನ್ನಷ್ಟೇ ದಾಖಲಿಸಿಕೊಳ್ಳುವುದರಿಂದ, ಫೋಲ್ಡರ್ ಸರಿದಾಗ ಕೊಂಡಿ ತಪ್ಪುತ್ತದೆ, ಚಿತ್ರಗಳು ಅಳಿದಿರುವುದಿಲ್ಲ. ಮೊದಲು ಬ್ಯಾಕಪ್ ತೆಗೆದುಕೊಂಡು, ಮೀಡಿಯಾ ಮ್ಯಾನೇಜರ್ ಎಂಬ ಸಲಕರಣೆಯಲ್ಲಿ ಹಳೆಯ ವಿಳಾಸದ ಭಾಗವನ್ನು ಹೊಸದಕ್ಕೆ ಒಮ್ಮೆಲೇ ಬದಲಾಯಿಸಿರಿ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಒಂದು ಮೂಲ ಫೋಲ್ಡರನ್ನು ಸೂಚಿಸಿ, ಎಲ್ಲ ವಿಳಾಸಗಳನ್ನೂ ಅದಕ್ಕೆ ಸಾಪೇಕ್ಷವಾಗಿಸಿದರೆ, ಅಂದರೆ ಆ ಫೋಲ್ಡರಿನಿಂದಲೇ ಆರಂಭವಾಗುವಂತೆ ಮಾಡಿದರೆ, ಮುಂದೆ ಫೋಲ್ಡರ್ ಎಲ್ಲಿಗೆ ಹೋದರೂ ತಿದ್ದಬೇಕಾದದ್ದು ಆ ಒಂದೇ ಸೆಟ್ಟಿಂಗ್.

ವ್ಯಕ್ತಿಗೊಂದು ಫೋಲ್ಡರ್ ಬೇಡವೆಂದೇ ನನ್ನ ಅಭಿಪ್ರಾಯ. ಒಂದು ವಿವಾಹಪತ್ರ ವಧು, ವರ ಮತ್ತು ಇಬ್ಬರ ತಂದೆತಾಯಿಯರಿಗೂ ಸಂಬಂಧಿಸಿದ್ದಾದ್ದರಿಂದ, ಅದರ ಪ್ರತಿಗಳನ್ನು ಆರು ಕಡೆ ಇಟ್ಟು ಯಾವುದನ್ನು ತಿದ್ದಿದೆವೆಂದು ಹುಡುಕುವ ಫಜೀತಿ ತಪ್ಪದು. ಕಡತ ಒಂದೇ ಇರಲಿ, ಅದನ್ನು ಆರು ಮಂದಿಗೂ ತಂತ್ರಾಂಶದೊಳಗೇ ಜೋಡಿಸಬಹುದು. ಫೋಲ್ಡರುಗಳನ್ನು ದಾಖಲೆಯ ಬಗೆಗೆ ತಕ್ಕಂತೆ ವಿಂಗಡಿಸಿ, ಕಡತಕ್ಕೆ ‘1952-05-ವಿವಾಹಪತ್ರ-01’ ಎಂಬಂತೆ ಇಸವಿಯಿಂದ ಆರಂಭವಾಗುವ ಹೆಸರಿಟ್ಟರೆ, ಪಟ್ಟಿ ತಾನಾಗಿಯೇ ಕಾಲಕ್ರಮಕ್ಕೆ ಬರುತ್ತದೆ. ಅಂದಹಾಗೆ, ಬಂಧುಗಳಿಗೆ ಚಿತ್ರಸಹಿತ ಪ್ರತಿ ಕಳುಹಿಸುವುದಾದರೆ, ಗ್ರಾಂಪ್ಸ್‌ನಿಂದ ರಫ್ತಾಗುವ ಜೆಡ್‌ಕಾಮ್ (GEDCOM, ವಂಶಾವಳಿ ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸುವ ಸಾಮಾನ್ಯ ನಮೂನೆ) ಕಡತದಲ್ಲಿ ಚಿತ್ರಗಳು ಸೇರುವುದಿಲ್ಲ. ಅವರ ಬಳಿಯೂ ಗ್ರಾಂಪ್ಸ್ ಇದ್ದಲ್ಲಿ, ಚಿತ್ರಗಳನ್ನೂ ಒಳಗೊಳ್ಳುವ ಅದರದೇ ಎಕ್ಸ್‌ಎಂಎಲ್ ಪ್ಯಾಕೇಜನ್ನು ಆರಿಸಿಕೊಳ್ಳಿ.